ಒಂದು ಕಣವೂ ಸೋರದಂತೆ

1971ರ ಡಿಸೆಂಬರ್ 4ರಂದು ಸ್ವಿಟ್ಜರ್ಲೆಂಡಿನ ಮಾಂತ್ರೋ ಪಟ್ಟಣದಲ್ಲಿ, ಫ್ರಾಂಕ್ ಝಾಪಾನ ಸಂಗೀತಗೋಷ್ಠಿ ನಡೆಯುತ್ತಿರುವಾಗಲೇ, ಪ್ರೇಕ್ಷಕನೊಬ್ಬನು ಛಾವಣಿಯ ಕಡೆಗೆ ಹಾರಿಸಿದ ಬೆಂಕಿಯಿಂದ ಅಲ್ಲಿಯ ಕ್ಯಾಸಿನೋ ಭವನವು ಸುಟ್ಟುಹೋಯಿತು. ಆ ಭವನದಲ್ಲಿಯೇ ಹೊಸ ಆಲ್ಬಮನ್ನು ಮುದ್ರಿಸಿಕೊಳ್ಳಬೇಕೆಂದು ಬಂದಿದ್ದ ಇಂಗ್ಲೆಂಡಿನ ಡೀಪ್ ಪರ್ಪಲ್ ತಂಡದವರು, ಸರೋವರದ ಮೇಲೆ ಹಬ್ಬಿದ ಹೊಗೆಯನ್ನು ಕಣ್ಣಾರೆ ಕಂಡು, ಕಡೆಗೆ ಚಳಿಗಾಲಕ್ಕೆಂದು ಮುಚ್ಚಿದ್ದ ಗ್ರ್ಯಾಂಡ್ ಹೋಟೆಲಿನ ಮೊಗಸಾಲೆಯಲ್ಲಿ ಹಾಸಿಗೆಗಳನ್ನು ಗೋಡೆಗೊರಗಿಸಿ ಪ್ರತಿಧ್ವನಿಯನ್ನು ಅಡಗಿಸಿ, ಹೊರಗೆ ನಿಂತಿದ್ದ ಸಂಚಾರಿ ಧ್ವನಿಮುದ್ರಣದ ಲಾರಿಗೆ ತಂತಿಯೆಳೆದು, ಕೈಗೊಂಡ ಕಾರ್ಯವನ್ನು ಮುಗಿಸಿದರು. 1972ರ ಮಾರ್ಚಿನಲ್ಲಿ ಹೊರಬಂದ ಆ ‘ಮಷೀನ್ ಹೆಡ್’ ಹಾರ್ಡ್ ರಾಕ್ ಸಂಗೀತದ ಆಧಾರಸ್ತಂಭಗಳಲ್ಲೊಂದು. ಅದನ್ನು ಕೇಳುವಾಗಲೆಲ್ಲ, ರಿಚೀ ಬ್ಲ್ಯಾಕ್‌ಮೋರನ ಗಿಟಾರಿನ ಹಿಂದೆ ಆ ನಿರ್ಜನವಾದ ಹೋಟೆಲಿನ ಗೋಡೆಗಳೂ ನುಡಿಯುತ್ತಿರುವಂತೆ ನನಗೆ ತೋರುತ್ತದೆ. ಆ ಗೋಡೆಗಳ ಸಮೇತ ನಾದವನ್ನು ಉಳಿಸಿಕೊಳ್ಳುವುದು ಹೇಗೆ?

ಸಿ.ಡಿ.ಯೆಂಬುದು ನಾದವನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ 16 ಬಿಟ್ಟುಗಳ ಸಂಖ್ಯೆಯಾಗಿ, ಎಡಬಲ ಕಿವಿಗಳಿಗೆ ಪ್ರತ್ಯೇಕವಾಗಿ ಬರೆದಿಟ್ಟ ಲೆಕ್ಕದ ಪುಸ್ತಕ. ನಿಮಿಷವೊಂದಕ್ಕೆ ಹತ್ತು ಮೆಗಾಬೈಟಿಗೂ ಮಿಕ್ಕ ಸ್ಥಳವನ್ನು ಅದು ಬೇಡುತ್ತದೆ. ಇದನ್ನು ಕುಗ್ಗಿಸಲು ಬಂದ ಎಂಪಿ3 ವಿಧಾನವು, ಮನುಷ್ಯನ ಕಿವಿಗೆ ಕೇಳಿಸಲಾರದೆಂದು ತಾನು ತೀರ್ಮಾನಿಸಿದ ಅಂಶಗಳನ್ನು ತೆಗೆದೆಸೆಯುತ್ತದೆ. ಎಸೆದದ್ದು ಮರಳಿ ಬಾರದು. ಹೆಚ್ಚು ಕುಗ್ಗಿಸಿದಲ್ಲಿ ಡ್ರಮ್ಮಿನ ಕಂಚಿನ ತಟ್ಟೆಗಳ ಝೇಂಕಾರವು ನೀರಿನಲ್ಲಿ ನೆನೆದಂತಾಗುವುದನ್ನು ಕೇಳಿದವರು ಈ ನಷ್ಟವನ್ನು ಮರೆಯಲಾರರು.

2001ರಲ್ಲಿ ಜೋಶ್ ಕೋಲ್ಸನ್ ಲೋಕಕ್ಕೆ ಮುಕ್ತವಾಗಿ ಕೊಟ್ಟ ಫ್ಲ್ಯಾಕ್ ವಿಧಾನದ ದಾರಿ ಬೇರೆ. ಹಿಂದಿನ ಅಳತೆಗಳನ್ನು ನೋಡಿ ಮುಂದಿನದು ಇಷ್ಟಿರಬೇಕೆಂದು ಊಹಿಸಿ, ಊಹೆಗೂ ನಿಜಕ್ಕೂ ಇರುವ ಅಂತರವನ್ನು ಮಾತ್ರ ಅದು ಬರೆದಿಡುತ್ತದೆ. ಊಹೆ ನಿಜಕ್ಕೆ ಹತ್ತಿರವಾದಷ್ಟೂ ಬರಹ ಕಿರಿದು. ನುಡಿಸುವಾಗ ಎರಡನ್ನೂ ಕೂಡಿಸಿದರೆ ಮೂಲದ ಸಂಖ್ಯೆಗಳು ಯಥಾವತ್ತಾಗಿ ಮೂಡುತ್ತವೆ. ಏಕಾಂಗಿಯಾದ ಮೆಲುದನಿಯ ವಾದ್ಯವು ಈ ಊಹೆಗೆ ಸುಲಭವಾಗಿ ಒಲಿಯುತ್ತದೆ. ಹಾರ್ಡ್ ರಾಕ್ ಒಲಿಯದು. ಆಂಪ್ಲಿಫೈಯರನ್ನು ಮಿತಿಮೀರಿ ದುಡಿಸಿ ಒಡೆಸಿದ ಗಿಟಾರಿನ ಧ್ವನಿ, ಅದರ ಮೇಲೆ ಎರಗುವ ಡ್ರಮ್ಮು, ಇವು ಗಣಿತದ ಕಣ್ಣಿಗೆ ಬರಿಯ ಗದ್ದಲಕ್ಕೆ ಸಮೀಪವಾದವು. ಆದ್ದರಿಂದ ಇಂತಹ ಆಲ್ಬಮುಗಳ ಫ್ಲ್ಯಾಕ್ ಕಡತಗಳು ಗಾತ್ರದಲ್ಲಿ ಹಿರಿದಾಗಿಯೇ ಉಳಿಯುತ್ತವೆ. ಈ ಸಂಗೀತದ ಹಟವೇ ಅದರ ಸತ್ವವೆಂದು ನಾನು ಬಲ್ಲೆನಾದುದರಿಂದ, ಆ ಗಾತ್ರವನ್ನು ನಾನು ಸಂತೋಷದಿಂದಲೇ ಹೊರುತ್ತೇನೆ.

ಸಿ.ಡಿ.ಯಿಂದ ಫ್ಲ್ಯಾಕ್‌ಗೆ ಪ್ರತಿಮಾಡುವ ಕೆಲಸಕ್ಕೆ ತಾಳ್ಮೆ ಬೇಕು. ‘ಮಷೀನ್ ಹೆಡ್’ನ ನನ್ನ ಹಳೆಯ ಸಿ.ಡಿ.ಯ ಮೇಲೆ ಉಗುರಿನಷ್ಟುದ್ದದ ಗೀರೊಂದಿತ್ತು. ಎಕ್ಸಾಕ್ಟ್ ಆಡಿಯೋ ಕಾಪಿ ಎಂಬ ತಂತ್ರಾಂಶವು ಅಲ್ಲಿಗೆ ಬಂದೊಡನೆ ಡ್ರೈವಿನ ವೇಗವನ್ನು ಇಳಿಸಿ, ಒಂದೇ ತುಣುಕನ್ನು ಮತ್ತೆಮತ್ತೆ ಓದಿ, ಓದಿದ್ದನ್ನು ಓದಿದ್ದರೊಡನೆ ತಾಳೆನೋಡುತ್ತ, ಅರ್ಧ ಗಂಟೆ ಅಲ್ಲಿಯೇ ನಿಂತಿತು. ಕಡೆಯಲ್ಲಿ, ಇತರ ಶ್ರೋತೃಗಳು ಮಾಡಿಕೊಂಡ ಪ್ರತಿಗಳ ಅಂಕಮುದ್ರೆಯೊಡನೆ, ಎಂದರೆ ಅವುಗಳ ಸಂಖ್ಯೆಗಳಿಂದ ಲೆಕ್ಕಹಾಕಿದ ಗುರುತಿನೊಡನೆ, ನನ್ನ ಪ್ರತಿಯ ಮುದ್ರೆಯೂ ಹೊಂದಿತೆಂಬ ಸಾಲು ಪರದೆಯ ಮೇಲೆ ಮೂಡಿದಾಗ ನನಗಾದ ನೆಮ್ಮದಿ ಅಲ್ಪವಲ್ಲ. ಫ್ಲ್ಯಾಕ್ ಕಡತದ ತಲೆಯಲ್ಲಿಯೂ ಇಂತಹುದೇ ಒಂದು ಮುದ್ರೆ ಅಡಗಿರುತ್ತದೆ; ವರ್ಷಗಳು ಕಳೆದ ಮೇಲೆ ನಾದದ ಒಂದು ಬಿಟ್ಟು ಕೆಟ್ಟರೂ ಅದು ತಿಳಿಸುತ್ತದೆ.

ಹೊಸ ಆವೃತ್ತಿಗಳು ದೊರೆಯುವಾಗ ಹಳೆಯ ಸಿ.ಡಿ.ಗೇಕೆ ಇಷ್ಟು ಉಪಚಾರವೆಂದು ಕೇಳುವವರುಂಟು. ಮರುಮುದ್ರಣವು ಮೂಲದ ಪ್ರತಿಯಾಗಿರಲೇಬೇಕೆಂಬ ನಿಯಮವಿಲ್ಲ. 1990ರ ದಶಕದಿಂದೀಚೆಗೆ ಎಷ್ಟೋ ಆಲ್ಬಮುಗಳು, ಮೆಲ್ಲನೆಯದನ್ನು ಮೇಲೆತ್ತಿ, ಏರಿಳಿತಗಳನ್ನು ತುಳಿದು, ಆದ್ಯಂತ ಒಂದೇ ಅಬ್ಬರವಾಗಿ ಹೊರಬಂದಿವೆ. 2011ರಲ್ಲಿ ಬೆಂಗಳೂರಿಗೆ ಬಂದು ನುಡಿಸಿದ ಮೆಟಾಲಿಕಾ ತಂಡದ 2008ರ ‘ಡೆತ್ ಮ್ಯಾಗ್ನೆಟಿಕ್’ ಹೊಸದಾಗಿ ಬಂದಾಗಲೇ ಈ ದೋಷಕ್ಕೆ ಗುರಿಯಾಯಿತು. ಗಿಟಾರ್ ಹೀರೋ ಎಂಬ ವಿಡಿಯೋ ಆಟಕ್ಕೆ ಕೊಟ್ಟ ಅದೇ ಹಾಡುಗಳಲ್ಲಿ ಉಸಿರಾಟ ಹೆಚ್ಚಾಗಿತ್ತೆಂದು ಕೇಳುಗರು ಕಂಡುಕೊಂಡರು.

ಮೂಲ ಟೇಪುಗಳಾದರೂ ಚಿರಂಜೀವಿಗಳಲ್ಲ. 2008ರ ಜೂನ್ 1ರಂದು ಹಾಲಿವುಡ್ಡಿನ ಯೂನಿವರ್ಸಲ್ ಸ್ಟುಡಿಯೋ ಆವರಣದಲ್ಲಿ ಹೊತ್ತಿದ ಬೆಂಕಿಗೆ, ಅಲ್ಲಿ ಕೂಡಿಟ್ಟಿದ್ದ ಮೂಲಮುದ್ರಿಕೆಗಳೂ ಆಹುತಿಯಾದವು. ಮಾಂತ್ರೋದ ಆ ಆಲ್ಬಮಿನ ನನ್ನ ಪ್ರತಿ ಈಗ ಮೇಜಿನ ಹಾರ್ಡ್ ಡಿಸ್ಕಿನಲ್ಲೊಂದು, ಶಿವಮೊಗ್ಗೆಯ ತಂಗಿಯ ಮನೆಯ ಕಬ್ಬಿಣದ ಬೀರುವಿನಲ್ಲೊಂದು ಇದೆ. ವರ್ಷಕ್ಕೊಮ್ಮೆ, ಹಬ್ಬಕ್ಕೆ ಹೋದಾಗ, ಅದನ್ನು ಹೊರತೆಗೆದು ಮುದ್ರೆ ಹೊಂದುವುದೇ ಎಂದು ನೋಡಿ ಬರುತ್ತೇನೆ.