ಪದ್ಮಿನಿಗೆ ಹೊಸ ಸೈಲೆನ್ಸರ್: ಸದ್ದೋ, ಶಕ್ತಿಯೋ?

ಪ್ರಶ್ನೆ: ಹಳೆಯ ಪ್ರೀಮಿಯರ್ ಪದ್ಮಿನಿಗೆ ಆ ಕಾಲದ ರೇಸ್ ಮಾದರಿಯ ಸೈಲೆನ್ಸರ್ ಹಾಕಿಸಿದರೆ ಓಟ ಹೆಚ್ಚುತ್ತದೆಯೇ? (ಇಳಕಲ್‌ನ ಓದುಗರು)

ಉತ್ತರ: ಓಟ ಹೆಚ್ಚುವುದು ಅಲ್ಪ, ಸದ್ದು ಹೆಚ್ಚುವುದು ಬಹಳ. ಪದ್ಮಿನಿಯ ಮೂಲ ಇಟಲಿಯ ಫಿಯೆಟ್ 1100. ಫಿಯೆಟ್ ಕಾರುಗಳಿಗೆ ಅಬಾರ್ತ್ ಸಂಸ್ಥೆ 1950ರ ದಶಕದಲ್ಲೇ ಇಂಥ ಸೈಲೆನ್ಸರ್ ಮಾರುತ್ತಿತ್ತು. ನಿಮ್ಮ ಆಸೆಗೆ ಇತಿಹಾಸದ ಬೆಂಬಲವಂತೂ ಇದೆ. ಆದರೆ ಎಂಜಿನ್ ಪಂಪ್ ಇದ್ದಂತೆ, ಒಳಗೆಳೆದುಕೊಂಡಷ್ಟನ್ನೇ ಹೊರಗೆ ದೂಡುತ್ತದೆ. 1089 ಸಿಸಿಯ ಈ ಎಂಜಿನ್ ಉಸಿರಾಡುವುದು ಒಂದೇ ಸಣ್ಣ ಕಾರ್ಬ್ಯುರೇಟರ್ ಮೂಲಕ. ಮುಂಬಾಗಿಲು ಕಿರಿದಾಗಿರುವಾಗ ಹಿತ್ತಲ ಬಾಗಿಲನ್ನಷ್ಟೇ ಅಗಲಿಸಿದರೆ ಫಲವೇನು?

ರೇಸಿನವರು ಹಾಕಿ ಗೆದ್ದರಲ್ಲ ಎನ್ನಬಹುದು. ಅವರು ಜೊತೆಗೆ ಕಾರ್ಬ್ಯುರೇಟರ್, ಕ್ಯಾಮ್‌ಶಾಫ್ಟ್‌ಗಳನ್ನೂ ಬದಲಿಸುತ್ತಿದ್ದರು. ಅಂದಕ್ಕಾಗಿ ಹಾಕಲೇಬೇಕೆಂದರೆ ಸದ್ದಡಗಿಸುವ ಒಳಭಾಗ ಸರಿಯಾಗಿರುವುದನ್ನೇ ಆರಿಸಿ. ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ: ತುದಿ ತಿಳಿಗಂದಾಗಿದ್ದರೆ ಕ್ಷೇಮ, ಬಿಳಿಚಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ. ಹಾಗೇ ಬೇಸಿಗೆಯ ಬಿಸಿಲಲ್ಲಿ ಹುನಗುಂದ ದಾಟಿ ಬಾಗಲಕೋಟೆಯವರೆಗೆ ಓಡಿಸಿದರೆ ಎಂಜಿನ್ ಅತಿಯಾಗಿ ಕಾಯುತ್ತದೆ. ಶಬ್ದಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಡಿ ಮೊದಲ ತಪ್ಪಿಗೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ ಆಗಬಹುದು. ಹಳೆಯ ಕಾರಿನ ಗೌರವ ಅದರ ನಯವಾದ ಉಸಿರಿನಲ್ಲಿದೆ, ಅಬ್ಬರದಲ್ಲಲ್ಲ.