ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ?

ನಮ್ಮ ಕಾಸರಗೋಡು ಸೀಮೆಯ ಮಳೆಯ ಲೆಕ್ಕವನ್ನು ಘಟ್ಟದ ಮೇಲಿನವರಿಗೆ ಹೇಳಿದರೆ ಅವರು ನಂಬುವುದು ಕಷ್ಟ. ಸಾಧಾರಣ ವರ್ಷವೊಂದರಲ್ಲಿ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಇಷ್ಟಿದ್ದೂ ಎಪ್ರಿಲ್ ಕಳೆಯುವಾಗ ಎಷ್ಟೋ ಬಾವಿಗಳ ತಳ ಕಾಣುತ್ತದೆ. ಪಂಪು ಗಾಳಿ ಎಳೆಯುತ್ತದೆ. ಕೊಡಪಾನ ಹಿಡಿದು ನೆರೆಮನೆಯ ಬಾವಿಕಟ್ಟೆಗೆ ಹೋಗುವ ಕೆಲಸ ಹೆಂಗಸರ ಮತ್ತು ಮಕ್ಕಳ ಪಾಲಿಗೆ ಬರುತ್ತದೆ. ಮಾರ್ಚ್ ತಿಂಗಳಲ್ಲಿ ಮೊದಲ ಪಾಠಕ್ಕೆ ತಡವಾಗಿ ಬರುವ ಮಕ್ಕಳನ್ನು ಗದರಿಸುವ ಮೊದಲು ನಾವು ಉಪಾಧ್ಯಾಯರು ಇದನ್ನು ನೆನೆಯಬೇಕಾಗುತ್ತದೆ.

ಕಾರಣ ದೂರವಿಲ್ಲ. ಮಳೆಯ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಬಿದ್ದು ಮುಗಿಯುತ್ತದೆ. ನೆಲವೋ ಮುರಕಲ್ಲಿನದು, ಜರಡಿಯಂತೆ ತೂತು ತೂತು. ಗುಡ್ಡೆಯ ಇಳಿಜಾರಿನಲ್ಲಿ ಇಂಗಿದ ನೀರು ಬೈಲಿಗೆ, ಬೈಲಿನಿಂದ ತೋಡಿಗೆ, ತೋಡಿನಿಂದ ಹೊಳೆಗೆ ಸೇರಿ ಕಡಲಿಗೆ ಹೋಗುತ್ತದೆ. ಆದುದರಿಂದ ಹಿತ್ತಿಲಿನ ಬೇಸಾಯವೆಂದರೆ ನಮ್ಮಲ್ಲಿ ಮೊದಲು ನೀರಿನ ಬೇಸಾಯ. ಒಮ್ಮೆ ಸೇದಿದ ನೀರು ಎರಡು ಕೆಲಸ ಮಾಡದೆ ಮನೆಯ ಅಡಿಸ್ಥಳ ಬಿಡಬಾರದು ಎಂಬುದೊಂದು ನಿಯಮವನ್ನು ಗೃಹಸ್ಥರು ಇಟ್ಟುಕೊಂಡರೆ ಸಾಕು.

ಐದು ಮಂದಿಯ ಮನೆಯನ್ನು ತೆಗೆದುಕೊಳ್ಳೋಣ. ಮಿಂದ ನೀರು, ಬಟ್ಟೆ ಒಗೆದ ನೀರು, ಪಾತ್ರೆ ತೊಳೆದ ನೀರು ಎಲ್ಲ ಸೇರಿ ತಲೆಗೆ 30 ಲೀಟರೆಂದು ಕೈಬಿಗಿ ಹಿಡಿದು ಲೆಕ್ಕ ಹಾಕಿದರೂ ದಿನಕ್ಕೆ 150 ಲೀಟರಾಯಿತು. ಜನವರಿಯಿಂದ ಮೇ ಕೊನೆಯವರೆಗಿನ 150 ದಿನಗಳಲ್ಲಿ ಇದು 22,500 ಲೀಟರು. ಇಷ್ಟು ನೀರನ್ನು ಬಾವಿಯಿಂದ ಬೇರೆಯಾಗಿ ಸೇದಿ ಗಿಡಗಳಿಗೆ ಹೊಯ್ಯುವ ಶಕ್ತಿ ಯಾರಿಗಿದೆ? ಆದರೆ ಹಲವು ಮನೆಗಳಲ್ಲಿ ಅದು ಬಚ್ಚಲ ಹಿಂದೆ ಕಪ್ಪಗೆ ನಿಂತು ಸೊಳ್ಳೆಗೆ ತೊಟ್ಟಿಲಾಗುತ್ತಿದೆ. ಹೊಸ ಮನೆಗಳಲ್ಲಂತೂ ಅದನ್ನು ಪೈಪಿನಲ್ಲಿ ಕಣ್ಣಿಗೆ ಕಾಣದಂತೆ ಗುಂಡಿಗೆ ಬಿಡುತ್ತಾರೆ. ಶುಚಿಯಾಯಿತೆಂದು ಸಮಾಧಾನ, ಬಸಳೆಗೆ ಮಾತ್ರ ನೀರಿಲ್ಲ!

ಹಿರಿಯರು ಬಸಳೆಯ ಚಪ್ಪರವನ್ನು ಬಚ್ಚಲ ಪಕ್ಕದಲ್ಲೇ ಹಾಕಿದ್ದು ಸುಮ್ಮನೆ ಅಲ್ಲ. ಬಸಳೆ, ಬಾಳೆ, ಕೆಸು, ತೆಂಗು ಈ ನಾಲ್ಕೂ ಬಚ್ಚಲ ನೀರಿನಲ್ಲಿ ಚೆನ್ನಾಗಿ ಬರುತ್ತವೆ. ಕ್ರಮ ಇಷ್ಟೆ. ಬಚ್ಚಲ ಬಾಯಿಯಲ್ಲಿ ಮೊಣಕಾಲಾಳದ ಚಿಕ್ಕ ಗುಂಡಿ ತೋಡಿ ಅದಕ್ಕೆ ಜಲ್ಲಿ, ಅದರ ಮೇಲೆ ತೆಂಗಿನ ಸಿಪ್ಪೆ ತುಂಬಬೇಕು. ಸಾಬೂನಿನ ಜಿಡ್ಡು, ಕೂದಲು, ಅನ್ನದ ಅಗುಳು ಅಲ್ಲಿ ತಡೆಯುತ್ತವೆ. ಸಿಪ್ಪೆ ಕೊಳೆತು ವಾಸನೆ ಬರುವ ಮೊದಲೇ ತೆಗೆದು ತೆಂಗಿನ ಬುಡಕ್ಕೆ ಹಾಕಿ ಹೊಸತು ತುಂಬಿರಿ. ಗುಂಡಿಯಿಂದ ಎರಡು ಕಣಿ ತೆಗೆದು, ಒಂದನ್ನು ಬಸಳೆ ಸಾಲಿಗೂ ಇನ್ನೊಂದನ್ನು ಬಾಳೆಗೂ ಬಿಡುವುದು; ದಿನ ಬಿಟ್ಟು ದಿನ ಕಣಿಯ ಬಾಯಿಯನ್ನು ಮಣ್ಣಿನಿಂದ ಬದಲಾಯಿಸುವುದು. ಒಂದೇ ಕಡೆ ಹರಿಸುತ್ತಿದ್ದರೆ ಬೇರು ಉಸಿರಾಡಲಾರದೆ ಕೊಳೆಯುತ್ತದೆ, ಸಾಬೂನಿನ ಖಾರವೂ ನೆಲದಲ್ಲಿ ಸೇರಿಕೊಳ್ಳುತ್ತದೆ. ಹಸಿಯಾಗಿ ತಿನ್ನುವ ಸೌತೆ, ಕೊತ್ತಂಬರಿಗಳಿಗೆ ಮಾತ್ರ ಈ ನೀರು ಬೇಡ. ಅವಕ್ಕೆ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಧಾರಾಳ ಸಾಕು.

ಬಸಳೆಗೆ ಬೀಜಕ್ಕಾಗಿ ಅಲೆಯಬೇಕಾಗಿಲ್ಲ. ಬಲಿತ ಬಳ್ಳಿಯ ಮೂರು ಗಿಣ್ಣುಗಳಿರುವ ತುಂಡನ್ನು ಒಂದು ಗಿಣ್ಣು ಮಣ್ಣೊಳಗೆ ಹೋಗುವಂತೆ ಊರಿದರಾಯಿತು. ಮಳೆ ಹಿಂದೆಗೆದ ಮೇಲೆ ಊರಿದರೆ ಬೇಸಗೆಯಿಡೀ ಕೊಯ್ಲು. ಎಲೆಯಲ್ಲಿ ಕೆಂಪಂಚಿನ ಚುಕ್ಕೆ ಕಂಡರೆ ಆ ಎಲೆಗಳನ್ನು ಕಿತ್ತು ಸುಡಿರಿ. ಅಲಸಂಡೆಗೆ ಹೇನು ಹತ್ತಿದರೆ ಬೆಳಗ್ಗಿನ ಇಬ್ಬನಿಯಲ್ಲಿ ಒಲೆಯ ಬೂದಿ ಎರಚಿರಿ. ಅಡುಗೆಮನೆಯಿಂದ ನಾಲ್ಕು ಹೆಜ್ಜೆ ದೂರದ ಸೊಪ್ಪಿಗೆ ವಿಷ ಹೊಡೆಯುವ ಯೋಚನೆ ಬೇಡವೇ ಬೇಡ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿದ ಜಿಲ್ಲೆ ನಮ್ಮದು. ಸುಪ್ರೀಂ ಕೋರ್ಟು ಅದನ್ನು ದೇಶಕ್ಕೇ ನಿಷೇಧಿಸಿದ್ದು 2011ರಲ್ಲಿ. ಅಷ್ಟರಲ್ಲಿ ಆಗಬಾರದ್ದೆಲ್ಲ ಆಗಿತ್ತು. ಬೂದಿಯ ಬಗ್ಗೆ ಇನ್ನೊಂದು ಮಾತು: ಅದನ್ನು ಹಟ್ಟಿಗೊಬ್ಬರದೊಡನೆ ಬೆರೆಸಿ ರಾಶಿ ಹಾಕಬಾರದು, ಗೊಬ್ಬರದ ಸಾರಜನಕ ಹಾರಿಹೋಗುತ್ತದೆ. ಬೇರೆ ಡಬ್ಬಿಯಲ್ಲಿಟ್ಟು ಬೇರೆಯಾಗಿಯೇ ಹಾಕುವುದು ಮೇಲು.

ಇನ್ನು ತೆಂಗಿನ ಸಿಪ್ಪೆ. ಒಲೆಗೆ ಹಾಕಿದರೆ ಅರ್ಧ ಗಂಟೆಯ ಉರಿ. ಮಣ್ಣಿಗೆ ಹಾಕಿದರೆ ಐದಾರು ವರ್ಷಗಳ ನೀರಿನ ತೊಟ್ಟಿ. ಕಾಸರಗೋಡಿನಲ್ಲಿ 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರ ಆರಂಭವಾಯಿತು. ಅದೇ 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ಸಿಪ್ಪೆ ಹೂಳುವ ಕ್ರಮವನ್ನು ಆ ಸಂಸ್ಥೆಯವರು ಬಹಳ ಕಾಲದಿಂದ ಹೇಳುತ್ತ ಬಂದಿದ್ದಾರೆ. ಮನೆಬಾಗಿಲಲ್ಲೇ ಇರುವವರ ಮಾತು ನಮಗೆ ತಡವಾಗಿ ಕೇಳಿಸುವುದು ಲೋಕರೂಢಿ. ಮರದ ಬುಡದಿಂದ ಸುಮಾರು ಒಂದೂವರೆ ಎರಡು ಮೀಟರು ದೂರದಲ್ಲಿ ಅರ್ಧ ಮೀಟರು ಆಳದ ಕಣಿ ತೋಡಿ, ಸಿಪ್ಪೆಯ ಗುಳಿಯಾದ ಒಳಮೈ ಮೇಲಕ್ಕೆ ಬರುವಂತೆ ಸಾಲು ಸಾಲಾಗಿ ಜೋಡಿಸಿ, ಪ್ರತಿ ಸಾಲಿಗೂ ಮಣ್ಣು ಹರಡಿ ಮುಚ್ಚುವುದು. ಮಳೆ ಶುರುವಾಗುವಾಗ ಮಾಡಿದರೆ ಸಿಪ್ಪೆ ಚೆನ್ನಾಗಿ ನೀರು ಕುಡಿದುಕೊಳ್ಳುತ್ತದೆ. ನಾವು ಬದನೆ, ಬೆಂಡೆ ಸಾಲುಗಳ ಅಡಿಗೂ ಒಂದು ಸಾಲು ಸಿಪ್ಪೆ ಹಾಸುತ್ತೇವೆ. ಮೇಲೆ ತರಗೆಲೆಯ ಹೊದಿಕೆ. ದಿನಕ್ಕೆರಡು ಹೊತ್ತು ನೀರು ಬೇಡುತ್ತಿದ್ದ ಗಿಡ ಆಮೇಲೆ ಒಂದೇ ಹೊತ್ತಿಗೆ ತೃಪ್ತಿಪಡುತ್ತದೆ.

ಪತ್ತನಾಜೆ ಕಳೆದು ಮಳೆ ಹಿಡಿಯಿತೆಂದರೆ ತಾಪತ್ರಯ ತಿರುವುಮುರುವಾಗುತ್ತದೆ. ಬೇಸಗೆಯಲ್ಲಿ ಹುಡುಕಿದರೂ ಸಿಗದ ನೀರು ಈಗ ಬೇಡದ ಕಡೆಗಳಲ್ಲೆಲ್ಲ ನಿಲ್ಲುತ್ತದೆ. ಗೆರಟೆ, ಅಡಿಕೆ ಹಾಳೆ, ಹಳೆ ಟಯರು, ಹೂಕುಂಡದ ತಟ್ಟೆ, ರಬ್ಬರು ತೋಟದ ಚಿಪ್ಪು, ಹೀಗೆ ಒಂದು ಚಮಚೆ ನೀರು ನಿಂತಲ್ಲೂ ಡೆಂಗಿ ಜ್ವರದ ಸೊಳ್ಳೆ ಮೊಟ್ಟೆಯಿಡುತ್ತದೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ. ಆದುದರಿಂದ ವಾರಕ್ಕೊಂದು ದಿನ ತಪ್ಪದೆ ಹಿತ್ತಿಲು ಸುತ್ತಿ ನಿಂತ ನೀರು ಚೆಲ್ಲಿದರೆ ಅದರ ಸಂಸಾರ ಮುರಿದಂತೆ. ಚೆಲ್ಲಿದರಷ್ಟೇ ಸಾಲದು, ಪಾತ್ರೆಯ ಒಳಬದಿಯನ್ನು ಉಜ್ಜಲೂ ಬೇಕು. ಅಂಟಿದ ಮೊಟ್ಟೆಗಳು ಒಣಗಿದರೂ ಸಾಯದೆ ತಿಂಗಳುಗಟ್ಟಲೆ ಕಾದಿದ್ದು, ನೀರು ತಾಗಿದೊಡನೆ ಒಡೆಯುತ್ತವೆ. ಅಡಿಕೆ ತೋಟದಲ್ಲಿ ಬಿದ್ದ ಹಾಳೆಗಳನ್ನು ಕವಚಿ ಹಾಕುವ ಕೆಲಸಕ್ಕೆ ಮಕ್ಕಳೇ ಸಾಕು. ನಮ್ಮ ಮಕ್ಕಳಿಗೆ ಎಣಿಸಿ ಕವಚುವ ಪಂದ್ಯ ಇಟ್ಟಿದ್ದೇವೆ, ಲೆಕ್ಕವೂ ಕಲಿತಂತಾಯಿತು. ಈ ಸೊಳ್ಳೆ ಹಗಲು ಕಚ್ಚುವಂಥದು, ಹಾಗಾಗಿ ಪಂದ್ಯಕ್ಕಿಳಿಯುವಾಗ ಉದ್ದ ತೋಳಿನ ಅಂಗಿ ಇರಲಿ.

ಮಾಡಿನ ನೀರಿನ ವಿಷಯ. ನೂರು ಚದರ ಮೀಟರಿನ ಮಾಡಿನ ಮೇಲೆ ಮೂರು ಮೀಟರು ಮಳೆ ಬಿದ್ದರೆ ಮೂರು ಲಕ್ಷ ಲೀಟರು! ತ್ರಿಶ್ಶೂರು ಜಿಲ್ಲೆಯಲ್ಲಿ 2008ರಲ್ಲಿ ‘ಮಳಪೊಲಿಮ’ ಎಂಬ ಹೆಸರಿನಲ್ಲಿ ಇದನ್ನು ಸೋಸಿ ಬಾವಿಗಿಳಿಸುವ ಕೆಲಸ ಆರಂಭವಾಯಿತು. ಮಾಡು ತೊಳೆದ ಮೊದಲ ಮಳೆಗಳ ನೀರನ್ನು ಹೊರಬಿಟ್ಟು, ಅನಂತರದ್ದನ್ನು ಜಲ್ಲಿ ಮತ್ತು ಮರಳಿನ ತೊಟ್ಟಿಯಲ್ಲಿ ಹಾಯಿಸಬೇಕು. ನಮ್ಮ ಅಭಿಪ್ರಾಯ ಕೇಳಿದರೆ, ಇಳಿಜಾರಿನ ಮುರಕಲ್ಲು ಬಾವಿಗೆ ಜುಲೈಯಲ್ಲಿ ಇಳಿಸಿದ್ದಕ್ಕಿಂತ ಒಕ್ಟೋಬರ ನವೆಂಬರ ಮಳೆಗಳದ್ದು ಬೇಸಗೆಗೆ ಹೆಚ್ಚು ಒದಗುತ್ತದೆ. ಆಟಿಯಲ್ಲಿ ಬಾವಿ ಹೇಗೂ ತುಂಬಿಯೇ ಇರುತ್ತದಲ್ಲ!

ಮಳೆಗಾಲದ ಬಾವಿಗೆ ಕಸ ಮಣ್ಣು ಇಳಿಯುವುದರಿಂದ ಬ್ಲೀಚಿಂಗ್ ಪೌಡರ್ ಹಾಕುವುದು ಒಳ್ಳೆಯದು. ಮುಷ್ಟಿ ಲೆಕ್ಕದಲ್ಲಿ ಎರಚುವ ಪದ್ಧತಿ ಸರಿಯಲ್ಲ. ಬಾವಿಯ ಅಡ್ಡಳತೆಯನ್ನು ಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, ನಾಲ್ಕರಿಂದ ಭಾಗಿಸಿ, ಸಾವಿರದಿಂದ ಗುಣಿಸಿದರೆ ಲೀಟರು ಬರುತ್ತದೆ. ಎರಡೂವರೆ ಮೀಟರು ಅಗಲದ ಬಾವಿಯಲ್ಲಿ ಎರಡು ಮೀಟರು ನೀರಿದ್ದರೆ ಸುಮಾರು 9,800 ಲೀಟರು. ಸಾವಿರ ಲೀಟರಿಗೆ ಎರಡೂವರೆ ಗ್ರಾಮಿನಂತೆ 25 ಗ್ರಾಂ ಪುಡಿ ಸಾಕು. ಅದನ್ನು ಬಾಲ್ದಿಯಲ್ಲಿ ಸ್ವಲ್ಪ ನೀರಿನೊಡನೆ ಕಲಸಿ, ಮೇಲೆ ನೀರು ತುಂಬಿ, ಹತ್ತು ನಿಮಿಷ ಬಿಟ್ಟರೆ ಸುಣ್ಣ ತಳಕ್ಕಿಳಿಯುತ್ತದೆ. ತಿಳಿಯನ್ನು ಮಾತ್ರ ಬೇರೆ ಬಾಲ್ದಿಗೆ ಬಗ್ಗಿಸಿ, ಹಗ್ಗ ಕಟ್ಟಿ ಬಾವಿಯ ನೀರಿನೊಳಕ್ಕೆ ಇಳಿಸಿ, ಮೇಲೆ ಕೆಳಗೆ ಆಡಿಸಬೇಕು. ಸಂಜೆ ಹಾಕಿ ಬೆಳಗ್ಗೆ ಸೇದುವುದು ಅನುಕೂಲ. ಅವಸರವಿದ್ದರೂ ಒಂದು ಗಂಟೆಯಾದರೂ ಕಾಯಲೇಬೇಕು. ಪುಡಿಯನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ, ಬಿಸಿಲು ತಾಗದಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಿರಿ. ಕಳೆದ ವರ್ಷ ಒಡೆದು ಬಾಯಿ ತೆರೆದಿಟ್ಟ ಪೊಟ್ಟಣ ಈ ವರ್ಷಕ್ಕೆ ಬರಿಯ ಸುಣ್ಣವೆಂದೇ ತಿಳಿಯಬೇಕು. ಅದನ್ನು ತೆಂಗಿನ ಬುಡಕ್ಕೂ ಹಾಕದೆ ಹೊಸತು ತರಿಸಿಕೊಳ್ಳಿರಿ.