ಕಿವಿಗೆ ಬಿದ್ದದ್ದನ್ನೇ ಬರೆಯುವ ವಿದ್ಯೆ

ಯಾವುದಾದರೂ ವಾರ್ಡಿನ ಕೇಸ್ ಶೀಟುಗಳನ್ನು ಒಟ್ಟಿಗೆ ಹರಡಿಕೊಂಡು ಬಿ.ಪಿ. ಬರೆಯುವ ಕಾಲಮ್ಮನ್ನಷ್ಟೇ ಓದುತ್ತ ಹೋದರೆ ಬಹಳ ಸಲ ಸಿಗುವುದು ಇಂಥ ಸಾಲು: 120/80, 110/70, 130/80, ಮತ್ತೆ 120/80. ಇಷ್ಟೊಂದು ಜನರ ರಕ್ತದೊತ್ತಡ ಸೊನ್ನೆಯಲ್ಲೇ ಬಂದು ನಿಲ್ಲಲು ಸಾಧ್ಯವಿಲ್ಲ. ಕೈಯಲ್ಲಿ ಬಲ್ಬ್ ಒತ್ತಿ ನೋಡುವ ಬಿ.ಪಿ. ಆಪರೇಟಸ್ಸಿನ ಡಯಲ್ಲಿನಲ್ಲಿ ಎರಡೆರಡು ಮಿಲಿಮೀಟರಿಗೆ ಒಂದು ಗೆರೆ ಇರುತ್ತದೆ. ಮುಳ್ಳು ನಿಂತ ಗೆರೆಯನ್ನು ನೋಡಿ ಬರೆದರೆ ಕೊನೆಯ ಅಂಕಿಯಾಗಿ 0, 2, 4, 6, 8 ಐದೂ ಹೆಚ್ಚುಕಡಿಮೆ ಸಮಸಮನಾಗಿ ಬರಬೇಕು. ಬರುವುದಿಲ್ಲ ಎಂಬುದನ್ನು ವೈದ್ಯಕೀಯ ಸಂಶೋಧಕರು ಅನೇಕ ದೇಶಗಳಲ್ಲಿ ಮತ್ತೆ ಮತ್ತೆ ತೋರಿಸಿದ್ದಾರೆ. ಇದನ್ನೇ ಮುಂದಿಟ್ಟುಕೊಂಡು, ನರ್ಸಿಂಗ್ ವಿದ್ಯಾರ್ಥಿಗಳಿಗೆ ಸ್ಟೆತಾಸ್ಕೋಪ್ ಹಚ್ಚಿ ಬಿ.ಪಿ. ನೋಡುವುದನ್ನು ಕಲಿಸುವುದೇ ವ್ಯರ್ಥ, ಗುಂಡಿ ಒತ್ತಿದರೆ ಅಂಕಿ ತೋರಿಸುವ ಯಂತ್ರ ಕೊಟ್ಟರೆ ಸಾಕು ಎನ್ನುವವರಿದ್ದಾರೆ. ನನಗೆ ಅದೇ ಸಾಕ್ಷ್ಯ ಬೇರೆ ಕಡೆಗೆ ಬೆರಳು ತೋರಿಸುತ್ತದೆ. ವಿದ್ಯೆ ಹಳತಾಗಿಲ್ಲ, ಅದನ್ನು ನಾವು ಅರ್ಧಕ್ಕೇ ಕಲಿಸಿ ಬಿಟ್ಟಿದ್ದೇವೆ.

ಕಿವಿಗೆ ಕೇಳುವುದೇನು ಎಂಬಲ್ಲಿಂದಲೇ ಶುರುಮಾಡಬೇಕು, ಏಕೆಂದರೆ ಅರ್ಧಂಬರ್ಧ ಕಲಿಕೆಯ ಬೇರು ಅಲ್ಲಿದೆ. ಇಟಲಿಯ ರಿವಾ-ರೊಚ್ಚಿ 1896ರಲ್ಲಿ ತೋಳಿಗೆ ಸುತ್ತುವ ಗಾಳಿಪಟ್ಟಿಯನ್ನು ರೂಪಿಸಿದಾಗ ವೈದ್ಯರಿಗೆ ಸಿಕ್ಕಿದ್ದು ಮೇಲಿನ ಅಂಕಿ ಮಾತ್ರ. ಗಾಳಿ ತುಂಬುತ್ತ ಹೋದಂತೆ ಮಣಿಕಟ್ಟಿನ ನಾಡಿ ಎಲ್ಲಿ ನಿಲ್ಲುತ್ತದೆ ಎಂದು ಬೆರಳಿಟ್ಟು ನೋಡುತ್ತಿದ್ದರು. ರಷ್ಯಾದ ಶಸ್ತ್ರವೈದ್ಯ ನಿಕೊಲಾಯ್ ಕೊರೊಟ್ಕೊಫ್ 1905ರಲ್ಲಿ ಅದೇ ಪಟ್ಟಿಯ ಕೆಳಗೆ, ಮೊಣಕೈಯ ಒಳಮಡಿಕೆಯಲ್ಲಿ ಸ್ಟೆತಾಸ್ಕೋಪ್ ಇಟ್ಟು ಕೇಳಿದರು. ಯುದ್ಧದಲ್ಲಿ ಗಾಯಗೊಂಡವರ ರಕ್ತನಾಳಗಳಿಗೆ ಚಿಕಿತ್ಸೆ ಮಾಡುತ್ತ ನಾಳಗಳ ಸದ್ದಿಗೆ ಕಿವಿ ಕೊಡುವ ಅಭ್ಯಾಸ ಅವರಿಗಿತ್ತು. ಒಂದು ಪುಟವೂ ತುಂಬದ ಅವರ ವರದಿಯ ಮೇಲೆ ಇವತ್ತಿಗೂ ನಮ್ಮ ಬಿ.ಪಿ. ಅಳತೆ ನಿಂತಿದೆ. ಪಟ್ಟಿ ನಾಳವನ್ನು ಪೂರ್ತಿ ಅಮುಕಿದ್ದಾಗ ರಕ್ತ ಹರಿಯುವುದಿಲ್ಲ, ಸದ್ದೂ ಇಲ್ಲ. ಗಾಳಿ ಬಿಡುತ್ತ ಬಂದಂತೆ ಪ್ರತಿ ಬಡಿತಕ್ಕೂ ಒಂದಿಷ್ಟು ರಕ್ತ ಕಿರಿದಾದ ದಾರಿಯಲ್ಲಿ ನುಗ್ಗಿ ಟಕ್ ಟಕ್ ಎನ್ನಿಸುತ್ತದೆ; ಮೊದಲ ಟಕ್ ಮೇಲಿನ ಬಿ.ಪಿ. ಆಮೇಲೆ ಸದ್ದು ಮೆತ್ತಗಾಗಿ, ಮತ್ತೆ ಖಡಕ್ಕಾಗಿ, ಮಂಕಾಗಿ, ಕೊನೆಗೆ ಇಲ್ಲವಾಗುತ್ತದೆ. ನಾಳ ಪೂರ್ತಿ ತೆರೆದುಕೊಂಡು ಸದ್ದು ನಿಂತ ಆ ಬಿಂದು ಕೆಳಗಿನ ಬಿ.ಪಿ. ಅಂದರೆ ಕಲಿಯುವವರು ಒಂದು ಸದ್ದು ಹುಟ್ಟುವುದನ್ನೂ ಅದು ಸಾಯುವುದನ್ನೂ ಗುರುತಿಸಬೇಕು. ಎರಡನೆಯದೇ ಕಷ್ಟ.

ಈ ಸರಳ ಕೆಲಸ ಕೆಡುವುದಕ್ಕೆ ಇರುವ ದಾರಿಗಳು ಒಂದೆರಡಲ್ಲ. ಪಟ್ಟಿಯೊಳಗಿನ ರಬ್ಬರ್ ಚೀಲ ತೋಳಿನ ಸುತ್ತಳತೆಯ ಶೇಕಡಾ 80ರಷ್ಟನ್ನಾದರೂ ಆವರಿಸಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿ.ಪಿ. ಬರುತ್ತದೆ. ತೋಳು ಹೃದಯದ ಮಟ್ಟಕ್ಕಿಂತ ಹತ್ತು ಸೆಂಟಿಮೀಟರ್ ಕೆಳಗೆ ಜೋತುಬಿದ್ದಿದ್ದರೆ ಅಂಕಿ ಸುಮಾರು ಏಳು ಮಿಲಿಮೀಟರ್ ಏರುತ್ತದೆ. ಕುಪ್ಪಸದ ಬಿಗಿ ತೋಳನ್ನು ಮೇಲಕ್ಕೆ ಸುರುಳಿ ಸುತ್ತಿದರೆ ಅದೇ ನಾಳಕ್ಕೆ ಕಟ್ಟಿದ ಹಗ್ಗವಾಗುತ್ತದೆ. ನಮ್ಮ ಹೊರರೋಗಿ ವಿಭಾಗಗಳ ಸಾಲಿನಲ್ಲಿ ದಿನವೂ ನಡೆಯುವ ಇದಕ್ಕೆ ಪಠ್ಯಪುಸ್ತಕದಲ್ಲಿ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ. ಗಾಳಿಯನ್ನು ಸೆಕೆಂಡಿಗೆ ಎರಡು ಮೂರು ಮಿಲಿಮೀಟರಿನಂತೆ ಇಳಿಸಬೇಕು. ಅವಸರದಲ್ಲಿ ಬುಸ್ಸೆಂದು ಬಿಟ್ಟರೆ ಎರಡು ಬಡಿತಗಳ ನಡುವೆಯೇ ಮುಳ್ಳು ಹತ್ತು ಮಿಲಿಮೀಟರ್ ಜಾರಿರುತ್ತದೆ. ಎಲ್ಲಕ್ಕಿಂತ ಮೋಸದ್ದು ನಡುವಿನ ಮೌನ. ಬಿ.ಪಿ. ಹೆಚ್ಚಿರುವ ಕೆಲವರಲ್ಲಿ ಮೊದಲ ಟಕ್ ಕೇಳಿದ ಮೇಲೆ ಸದ್ದು ಮಾಯವಾಗಿ, ಇಪ್ಪತ್ತು ಮೂವತ್ತು ಮಿಲಿಮೀಟರ್ ಕೆಳಗೆ ಮತ್ತೆ ಶುರುವಾಗುತ್ತದೆ. ಆ ಮೌನದಲ್ಲೇ ಪಂಪ್ ಮಾಡುವುದನ್ನು ನಿಲ್ಲಿಸಿದವರಿಗೆ 180 ಇರುವ ರೋಗಿ 150ರವರಾಗಿ ಕಾಣುತ್ತಾರೆ. ಇದನ್ನು ತಪ್ಪಿಸಲೆಂದೇ ಮೊದಲು ನಾಡಿ ಹಿಡಿದು, ಅದು ನಿಂತ ಅಂಕಿಗಿಂತ ಮೂವತ್ತು ಮೇಲಕ್ಕೆ ಗಾಳಿ ತುಂಬಬೇಕು ಎಂಬ ನಿಯಮ ಇರುವುದು. ಪರೀಕ್ಷೆಯಲ್ಲಿ ಎಲ್ಲರೂ ಇದನ್ನು ಮಾಡಿ ತೋರಿಸುತ್ತಾರೆ. ವಾರ್ಡ್ ಪೋಸ್ಟಿಂಗಿಗೆ ಹೋದಮೇಲೆ ಮೊದಲು ಬಿಟ್ಟುಹೋಗುವ ಹೆಜ್ಜೆಯೂ ಇದೇ.

ಸೊನ್ನೆಯ ಚಟಕ್ಕೆ ಬೆಲೆ ತೆರುವವರು ಯಾರು ಎಂಬುದಕ್ಕೆ ಡೆಂಗಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಮಳೆಗಾಲ ಬಂತೆಂದರೆ ನಮ್ಮ ವಾರ್ಡುಗಳನ್ನು ತುಂಬುವ ಈ ಜ್ವರದಲ್ಲಿ ರಕ್ತನಾಳಗಳಿಂದ ದ್ರವ ಸೋರುತ್ತದೆ. ದೇಹ ನಾಳಗಳನ್ನು ಬಿಗಿಮಾಡಿ ಮೇಲಿನ ಬಿ.ಪಿ.ಯನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ, ಏರುವುದು ಕೆಳಗಿನದು. ಎರಡರ ಅಂತರ 20 ಅಥವಾ ಅದಕ್ಕಿಂತ ಕಡಿಮೆಯಾದರೆ ರೋಗಿ ಮಾತಾಡುತ್ತ ಕುಳಿತಿದ್ದರೂ ಶಾಕ್ ಶುರುವಾಗಿದೆ ಎಂದು ಎಣಿಸಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಈಗ ಒಬ್ಬ ರೋಗಿಗೆ ಮೊದಲ ಸಲ 108/76, ಸ್ವಲ್ಪ ಹೊತ್ತಿನ ಮೇಲೆ 106/84 ಇದೆ ಎಂದುಕೊಳ್ಳಿ. ಅಂತರ 32ರಿಂದ 22ಕ್ಕೆ ಕುಸಿದಿದೆ, ಡಾಕ್ಟರನ್ನು ಕರೆಯಬೇಕಾದ ಹೊತ್ತು. ಹತ್ತಿರದ ಹತ್ತಕ್ಕೆ ಸರಿಮಾಡಿ ಬರೆಯುವ ಕೈ ಎರಡು ಸಲವೂ 110/80 ಎಂದೇ ಬರೆಯುತ್ತದೆ. ಹಾಳೆಯ ಮೇಲೆ ರೋಗಿ ಇದ್ದ ಹಾಗೇ ಇದ್ದಾರೆ.

ಹಾಗಾದರೆ ಯಂತ್ರವೇ ಮೇಲಲ್ಲವೇ, ಅದು 106/84 ಎಂದು ನಾಚಿಕೆಯಿಲ್ಲದೆ ತೋರಿಸುತ್ತದಲ್ಲ? ಈ ಆಕ್ಷೇಪ ಗಟ್ಟಿಯಾದದ್ದು. ಅಮೆರಿಕ, ಯೂರೋಪಿನ ಹೃದ್ರೋಗ ಮತ್ತು ರಕ್ತದೊತ್ತಡ ತಜ್ಞರ ಸಂಘಟನೆಗಳೇ ಈಗ ಕ್ಲಿನಿಕ್ಕಿನ ನಿತ್ಯದ ಅಳತೆಗೆ ಪರೀಕ್ಷಿಸಿ ಒಪ್ಪಿದ ಸ್ವಯಂಚಾಲಿತ ಯಂತ್ರಗಳತ್ತ ಒಲಿದಿವೆ. ಊರೂರು ತಿರುಗಿ ಬಿ.ಪಿ. ನೋಡುವ ಆರೋಗ್ಯ ಕಾರ್ಯಕರ್ತೆಯ ಕೈಯಲ್ಲಿ ಡಿಜಿಟಲ್ ಯಂತ್ರವೇ ಇರಲಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ದೇಶದ ವಯಸ್ಕ ಹೆಂಗಸರಲ್ಲಿ ಶೇಕಡಾ 21, ಗಂಡಸರಲ್ಲಿ ಶೇಕಡಾ 24 ಮಂದಿಗೆ ಅಧಿಕ ರಕ್ತದೊತ್ತಡವಿದೆ. ಇಷ್ಟು ಜನರನ್ನು ಸ್ಟೆತಾಸ್ಕೋಪ್ ಹಿಡಿದು ಹುಡುಕಿ ಮುಗಿಸಲಾಗದು. ಇಷ್ಟನ್ನು ತಕರಾರಿಲ್ಲದೆ ಒಪ್ಪುತ್ತೇನೆ. ಆದರೆ ಯಂತ್ರ ಕೇಳುವುದು ಸದ್ದನ್ನಲ್ಲ. ಪಟ್ಟಿಯೊಳಗಿನ ಗಾಳಿಯ ಕಂಪನವನ್ನು ಅದು ಗ್ರಹಿಸುತ್ತದೆ, ಕಂಪನ ಅತಿ ಹೆಚ್ಚಾದ ಬಿಂದುವಿನಿಂದ ಸರಾಸರಿ ಒತ್ತಡವನ್ನು ತಿಳಿಯುತ್ತದೆ, ಮೇಲಿನ ಕೆಳಗಿನ ಅಂಕಿಗಳನ್ನು ಕಂಪನಿ ಬಿಟ್ಟುಕೊಡದ ಸೂತ್ರದಿಂದ ಲೆಕ್ಕಹಾಕುತ್ತದೆ. ಹೃದಯದ ಬಡಿತ ತಾಳ ತಪ್ಪಿದಾಗ, ಬಿ.ಪಿ. ತೀರಾ ಕುಸಿದಾಗ, ಕೈ ನಡುಗುತ್ತಿದ್ದಾಗ ಆ ಲೆಕ್ಕ ಎಡವುತ್ತದೆ. ಗರ್ಭಿಣಿಯರ ಪ್ರಿಎಕ್ಲಾಂಪ್ಸಿಯಾದಲ್ಲಿ ಎಷ್ಟೋ ಯಂತ್ರಗಳು ನಿಜಕ್ಕಿಂತ ಕಡಿಮೆ ತೋರಿಸುತ್ತವೆ. 160/110 ಆದರೆ ಕೂಡಲೇ ಔಷಧ ಕೊಡಬೇಕಾದ ಸ್ಥಿತಿ ಅದು; ತಾಯಿ ಕಾರ್ಡಿನಲ್ಲಿ ಹತ್ತು ಅಂಕಿ ಕಡಿಮೆ ಬರೆದರೆ ಕಳೆದುಹೋಗುವುದು ಎರಡು ಜೀವಗಳ ಸಮಯ. ಯಂತ್ರ ಎಡವುವ ಈ ರೋಗಿಗಳೇ ನರ್ಸ್ ಅತಿ ಹತ್ತಿರದಿಂದ ನೋಡಿಕೊಳ್ಳಬೇಕಾದ ರೋಗಿಗಳು. ಅಂಕಿಯನ್ನು ಅನುಮಾನಿಸಿ, ಸ್ಟೆತಾಸ್ಕೋಪ್ ತೆಗೆದುಕೊಂಡು ಮತ್ತೊಮ್ಮೆ ನೋಡುವುದು ಅಂಕಿ ಎಲ್ಲಿಂದ ಬರುತ್ತದೆ ಎಂದು ಬಲ್ಲವರಿಂದ ಮಾತ್ರ ಆಗುವ ಕೆಲಸ.

ಪಾದರಸದ ಪ್ರಶ್ನೆಯೂ ಇದೆ. 2013ರ ಮಿನಮಾಟಾ ಒಪ್ಪಂದದ ನಂತರ ಪಾದರಸದ ಕಂಬದ ಉಪಕರಣಗಳು ಹಿಂದೆ ಸರಿಯುತ್ತಿವೆ, ಭಾರತವೂ 2018ರಲ್ಲಿ ಒಪ್ಪಂದಕ್ಕೆ ಸೇರಿತು. ಉಳಿದ ಮುಳ್ಳಿನ ಡಯಲ್ ಬಿದ್ದರೆ, ಕುಲುಕಿದರೆ ಕೆಡುತ್ತದೆ, ಕೆಟ್ಟದ್ದು ಹೊರಗೆ ಕಾಣುವುದಿಲ್ಲ. ಆದರೆ ಇದು ಉಪಕರಣವನ್ನು ಆಗಾಗ ಪರೀಕ್ಷಿಸಬೇಕೆಂಬ ವಾದವೇ ಹೊರತು ಕಲಿಕೆಯನ್ನು ಬಿಡಬೇಕೆಂಬ ವಾದವಲ್ಲ. ಡಿಜಿಟಲ್ ಯಂತ್ರಕ್ಕೂ ಅದೇ ಪರೀಕ್ಷೆ ಬೇಕು. ಇನ್ನು ಒಬ್ಬ ಸಿಸ್ಟರ್ ನಲವತ್ತು ಮಂಚಗಳನ್ನು ನೋಡಿಕೊಳ್ಳುವಲ್ಲಿ ಪ್ರತಿ ರೋಗಿಗೂ ಐದು ನಿಮಿಷದ ವಿಶ್ರಾಂತಿ, ನಿಧಾನದ ಇಳಿಕೆ ಎಲ್ಲಿ ಸಾಧ್ಯ ಎಂಬ ಮಾತಿಗೆ ನನ್ನಲ್ಲಿ ಸುಲಭದ ಉತ್ತರವಿಲ್ಲ. 120/80ರ ಸಾಲುಗಳಲ್ಲಿ ಸೋಮಾರಿತನಕ್ಕಿಂತ ಸಿಬ್ಬಂದಿಯ ಕೊರತೆಯೇ ಹೆಚ್ಚು ಕಾಣುತ್ತದೆ. ನಲವತ್ತರಲ್ಲಿ ಯಾವ ಐವರಿಗೆ ಕಿವಿಯಿಂದಲೇ ನೋಡಬೇಕು ಎಂದು ಆರಿಸುವುದಕ್ಕೂ ಈ ತರಬೇತಿಯೇ ಬೇಕು ಎನ್ನುವಷ್ಟನ್ನು ಮಾತ್ರ ಹೇಳಬಲ್ಲೆ.

ಬದಲಾಗಬೇಕಾದದ್ದು ಕಲಿಸುವ ರೀತಿ. ಈಗ ಸ್ಕಿಲ್ ಲ್ಯಾಬಿನಲ್ಲಿ ವಿದ್ಯಾರ್ಥಿನಿ ಹೆಜ್ಜೆಗಳನ್ನು ಒಪ್ಪಿಸುತ್ತಾಳೆ, ಟ್ಯೂಟರ್ ಗುರುತು ಹಾಕುತ್ತಾರೆ. ಅವಳಿಗೆ ಕೇಳಿದ್ದು ಏನು ಎಂಬುದು ಅವಳೊಬ್ಬಳಿಗೇ ಗೊತ್ತು. ಏನೂ ಕೇಳಿಸದಿದ್ದರೆ 120/80 ಎಂದರಾಯಿತು, ಆರೋಗ್ಯವಂತ ಗೆಳತಿಯ ತೋಳಿನ ಮೇಲೆ ಅದು ಬಹುಮಟ್ಟಿಗೆ ಒಪ್ಪುವ ಸುಳ್ಳು. ಒಂದೇ ಎದೆಬಿಲ್ಲೆಗೆ ಎರಡು ಜೊತೆ ಕಿವಿನಳಿಗೆಗಳಿರುವ ಬೋಧನಾ ಸ್ಟೆತಾಸ್ಕೋಪ್ ಬಹಳ ಹಿಂದಿನಿಂದಲೂ ಇದೆ, ದುಬಾರಿಯದೂ ಅಲ್ಲ. ಟ್ಯೂಟರ್ ಮತ್ತು ವಿದ್ಯಾರ್ಥಿನಿ ಒಂದೇ ಸದ್ದನ್ನು ಕೇಳಿ, ಬೇರೆ ಬೇರೆ ಚೀಟಿಯಲ್ಲಿ ಬರೆದು ಹೋಲಿಸಲಿ. ವ್ಯತ್ಯಾಸ ನಾಲ್ಕು ಮಿಲಿಮೀಟರ್ ಮೀರಿದರೆ ಮತ್ತೆ ನೋಡಲಿ. ಅಂಕ ಕೊಡುವಾಗ ‘ಕೇಳಿಸಲಿಲ್ಲ, ಇನ್ನೊಮ್ಮೆ ನೋಡುತ್ತೇನೆ’ ಎಂದವಳಿಗೆ ಅಂಕ ಕಡಿತವಾಗದಿರಲಿ. ಪ್ರಸೂತಿ ವಾರ್ಡಿನಲ್ಲಿ, ತುರ್ತು ಚಿಕಿತ್ಸಾ ಘಟಕದಲ್ಲಿ ಪೋಸ್ಟಿಂಗ್ ಇದ್ದಾಗ ಯಂತ್ರದ ಅಂಕಿಯ ಪಕ್ಕ ಕೈಯಳತೆಯ ಅಂಕಿಯನ್ನೂ ಬರೆಸಿ, ತಿಂಗಳ ಕೊನೆಗೆ ಕೊನೆಯ ಅಂಕಿಗಳನ್ನು ಎಣಿಸಲಿ. ಅರ್ಧಕ್ಕಿಂತ ಹೆಚ್ಚು ಸೊನ್ನೆ ಬಂದ ತಂಡ ಮತ್ತೆ ಡಯಲ್ಲಿನ ಮುಂದೆ ಕೂರಬೇಕಾಗುತ್ತದೆ, ಟ್ಯೂಟರ್ ಕೂಡ ಜೊತೆಗೆ.